ಮಕ್ಕಳ ಪ್ರವಾಸ, ಚಾಲಕನ ನಿದ್ದೆ

ಡಿಸೆಂಬರ್ ಬಂತೆಂದರೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಪ್ರವಾಸದ ಸಡಗರ. ಜೋಗ, ಮುರುಡೇಶ್ವರ, ಧರ್ಮಸ್ಥಳ, ಬೇಲೂರು, ಹಳೇಬೀಡುಗಳನ್ನು ಮಕ್ಕಳು ನೋಡಬೇಕಾದುದೇ. ಕೂಲಿಯವರ ಮಕ್ಕಳಿಗಂತೂ ಶಾಲೆಯ ಪ್ರವಾಸವಲ್ಲದೆ ಊರಿನಾಚೆಯ ನಾಡನ್ನು ನೋಡುವ ದಾರಿ ಬೇರೆ ಇಲ್ಲ. ಆದುದರಿಂದ ಪ್ರವಾಸವೇ ಬೇಡವೆನ್ನುವವರ ಪಕ್ಷ ನಮ್ಮದಲ್ಲ. ನಮ್ಮ ತಕರಾರಿರುವುದು ಬಸ್ಸು ಗೊತ್ತುಮಾಡುವ ಕ್ರಮದ ಮೇಲೆ.

ಆ ಕ್ರಮ ಎಲ್ಲರೂ ಬಲ್ಲದ್ದೇ. ತಲೆಗೆ ಇಷ್ಟೆಂದು ಹಣ ಎತ್ತುತ್ತಾರೆ. ನಾಲ್ಕು ಮಾಲೀಕರ ಹತ್ತಿರ ದರ ಕೇಳಿ, ಕಿಲೋಮೀಟರಿಗೆ ಎಲ್ಲರಿಗಿಂತ ಕಡಿಮೆ ಹೇಳಿದವನ ಕೈಗೆ ಮುಂಗಡ ಹಾಕುತ್ತಾರೆ. ವಸತಿಯ ಖರ್ಚು ಉಳಿಯಲೆಂದು ರಾತ್ರಿ ಪ್ರಯಾಣ, ಹಗಲು ನೋಟ. ಮಕ್ಕಳು ಸೀಟಿನಲ್ಲೇ ನಿದ್ದೆ ಮಾಡುತ್ತಾರೆ, ಮೇಷ್ಟ್ರೂ ತೂಕಡಿಸುತ್ತಾರೆ. ಚಾಲಕ ಯಾವಾಗ ಮಲಗುತ್ತಾನೆಂದು ಕೇಳಿದವರು ಯಾರು? ಮಕ್ಕಳು ದೇವಸ್ಥಾನ ಸುತ್ತಿ ಬರುವಷ್ಟರಲ್ಲಿ, ಬಿಸಿಲಿಗೆ ಕಾದ ಬಸ್ಸಿನೊಳಗೆ ಮಗ್ಗುಲಾದ ಒಂದೆರಡು ಗಂಟೆಯೇ ಅವನ ವಿಶ್ರಾಂತಿ. ಕತ್ತಲಾದ ಮೇಲೆ ಮತ್ತೆ ಆಗುಂಬೆಯೋ ಚಾರ್ಮಾಡಿಯೋ.

ಅಗ್ಗದ ಬಸ್ಸು ಅಗ್ಗವಾಗುವುದು ಎಲ್ಲಿಂದ? ಡೀಸೆಲ್ಲಿನ ಬೆಲೆ ಎಲ್ಲ ಮಾಲೀಕರಿಗೂ ಒಂದೇ. ಇಳಿಸಲು ಉಳಿಯುವುದು ಟಯರಿನ ಖರ್ಚು, ಬ್ರೇಕಿನ ದುರಸ್ತಿ ಮತ್ತು ಎರಡನೆಯ ಚಾಲಕನ ಸಂಬಳ. ಮೋಟಾರು ಸಾರಿಗೆ ಕಾರ್ಮಿಕನಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಎಂದು ಪಾರ್ಲಿಮೆಂಟು ಕಾಯಿದೆ ಮಾಡಿದ್ದು 1961ರಲ್ಲಿ. ಅರುವತ್ತು ವರ್ಷಗಳ ಮೇಲಾಯಿತು. ಪ್ರವಾಸದ ಬಸ್ಸಿನ ಚಾಲಕನ ಮಟ್ಟಿಗೆ ಆ ಗಂಟೆಗಳು ಕಾಗದದ ಮೇಲೆಯೇ ಉಳಿದವು.

ನೆರೆಯ ಕೇರಳದಲ್ಲಿ ಇದರ ಫಲ ಕಂಡಾಗಿದೆ. 2022ರ ಅಕ್ಟೋಬರ್ 5ರ ರಾತ್ರಿ, ಎರ್ನಾಕುಲಂ ಜಿಲ್ಲೆಯ ಶಾಲೆಯೊಂದರ ಮಕ್ಕಳನ್ನು ಊಟಿಗೆ ಕರೆದೊಯ್ಯುತ್ತಿದ್ದ ಖಾಸಗಿ ಬಸ್ಸು ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯ ಬಳಿ ಸರ್ಕಾರಿ ಬಸ್ಸಿನ ಹಿಂಬದಿಗೆ ಬಡಿಯಿತು. ಐವರು ವಿದ್ಯಾರ್ಥಿಗಳು, ಒಬ್ಬ ಉಪಾಧ್ಯಾಯರು, ಸರ್ಕಾರಿ ಬಸ್ಸಿನ ಮೂವರು: ಒಟ್ಟು 9 ಜನ ಸತ್ತರು. ಬಸ್ಸಿನ ವೇಗ ಗಂಟೆಗೆ 97 ಕಿಲೋಮೀಟರು ಮುಟ್ಟಿತ್ತು. ಚಾಲಕನು ಇನ್ನೊಂದು ದೂರದ ಪ್ರವಾಸ ಮುಗಿಸಿ ಬಂದು ದಣಿವಿನಲ್ಲೇ ಹೊರಟಿದ್ದನೆಂದು ಪೋಷಕರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ತಪ್ಪೆಲ್ಲ ಚಾಲಕನದೆಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ದಣಿದವನನ್ನು ಮತ್ತೆ ಗಾಡಿ ಹತ್ತಿಸಿದವರು ಯಾರೆಂಬುದು ನಮ್ಮ ಪ್ರಶ್ನೆ.

ಮುಖ್ಯೋಪಾಧ್ಯಾಯರೂ ಶಾಲಾ ಸಮಿತಿಯವರೂ ಮಾಡಬಹುದಾದುದು ಬಹಳವಿದೆ, ಅದಕ್ಕೆ ಖರ್ಚೂ ಇಲ್ಲ. ಬಸ್ಸಿನ ನಂಬರು ಕೊಟ್ಟರೆ ಎಫ್.ಸಿ., ವಿಮೆಗಳು ಊರ್ಜಿತದಲ್ಲಿವೆಯೇ ಎಂಬುದನ್ನು ಪರಿವಾಹನ್ ಆ್ಯಪು ಮೊಬೈಲಿನಲ್ಲೇ ತೋರಿಸುತ್ತದೆ. ಬಿಳಿ ಬೋರ್ಡಿನ ವಾಹನವನ್ನು ಬಾಡಿಗೆಗೆ ಹಿಡಿಯಲೇಕೂಡದು. ಅನಾಹುತವಾದರೆ ವಿಮಾ ಕಂಪನಿ ಮೊದಲು ಎತ್ತುವ ತಕರಾರೇ ಅದು. ಹಿಂದಿನ ದಿನ ಹಗಲಿನಲ್ಲಿ ಬಸ್ಸನ್ನು ಶಾಲೆಯ ಮುಂದೆ ತರಿಸಿ, ತುರ್ತು ಬಾಗಿಲನ್ನು ಕೈಯಿಂದ ತೆರೆದು ನೋಡಬೇಕು. ಎಷ್ಟೋ ಬಸ್ಸುಗಳಲ್ಲಿ ಅದಕ್ಕೆ ಅಡ್ಡವಾಗಿ ಸೀಟೋ ಅಡಿಗೆಯ ಪಾತ್ರೆಯೋ ಇರುತ್ತದೆ. ಕರಾರಿನಲ್ಲಿ ಬಸ್ಸಿನ ನಂಬರು, ಚಾಲಕರ ಹೆಸರು, ರಾತ್ರಿ ತಂಗುವ ಸ್ಥಳ, ಚಾಲಕನ ಊಟ ಮತ್ತು ಹಾಸಿಗೆ ಇಷ್ಟೂ ಬರಹದಲ್ಲಿರಬೇಕು. ತೋರಿಸಿದ ಬಸ್ಸೊಂದು, ಹೊರಡುವ ಮುಂಜಾನೆ ಬಂದ ಬಸ್ಸು ಇನ್ನೊಂದು ಎಂಬುದು ಈ ವ್ಯಾಪಾರದ ಹಳೆಯ ಚಾಳಿ. ಆಗ ಬಸ್ಸನ್ನು ಹಿಂದಕ್ಕೆ ಕಳಿಸುವ ಧೈರ್ಯ ಮೇಷ್ಟ್ರಿಗೆ ಬರಬೇಕಾದರೆ ಪೋಷಕರು ಅವರ ಬೆನ್ನಿಗೆ ನಿಲ್ಲಬೇಕು.

ಇಷ್ಟೆಲ್ಲ ಹೇಳಿದರೂ ಭಾರವನ್ನು ಮೇಷ್ಟ್ರ ತಲೆಗೇ ಕಟ್ಟುವುದು ನ್ಯಾಯವಲ್ಲ. 1948ರಲ್ಲಿ ಮೈಸೂರು ಸರ್ಕಾರ ಬಸ್ಸು ಓಡಿಸಲು ಕೈಹಾಕಿದ್ದು ಜನರ ಸಂಚಾರ ಬರಿಯ ಲಾಭದ ವಸ್ತುವಾಗಬಾರದೆಂದಲ್ಲವೇ? ಇಂದೂ ಸಾರಿಗೆ ನಿಗಮಗಳು ಪ್ರಾಸಂಗಿಕ ಕರಾರಿನ ಮೇಲೆ ಬಸ್ಸು ಕೊಡುತ್ತವೆ. ದರ ಬಡ ಶಾಲೆಗೆ ಎಟುಕಿದರೆ ಖಾಸಗಿಯವರ ಬಾಗಿಲಿಗೆ ಅಲೆಯುವವರು ಯಾರು? ಸರ್ಕಾರಿ ಶಾಲೆಗಳ ಪ್ರವಾಸದ ಬಾಡಿಗೆಯಲ್ಲಿ ಅರ್ಧವನ್ನು ಸರ್ಕಾರವೇ ಹೊರಲಿ, ದೂರದ ಪ್ರವಾಸಕ್ಕೆ ಇಬ್ಬರು ಚಾಲಕರನ್ನು ಕಡ್ಡಾಯ ಮಾಡಲಿ ಎಂದು ನಾವು ಒತ್ತಾಯಿಸುತ್ತೇವೆ. ಜಿಲ್ಲೆಯ ಶಾಸಕರಲ್ಲಿ ಯಾರು ಈ ಮಾತನ್ನು ಸಭೆಯಲ್ಲಿ ಎತ್ತುತ್ತಾರೆಂದು ನೋಡೋಣ. ಅಲ್ಲಿಯವರೆಗೆ, ಮಗುವಿನ ಕೈಗೆ ಪ್ರವಾಸದ ಹಣ ಕೊಡುವ ಮುನ್ನ ಬಸ್ಸಿನ ನಂಬರನ್ನೂ, ಚಾಲಕರು ಎಷ್ಟು ಮಂದಿ ಎಂಬುದನ್ನೂ ಪೋಷಕರು ಕೇಳಿ ತಿಳಿಯಲಿ.