ಹೆಬ್ಬಾತಿನ ಚಿತ್ರ ಬರೆಯುವ ಮಗಳು

"ಮಗಳು ಯಾವಾಗ ನೋಡಿದ್ರೂ ಹಕ್ಕಿ ಚಿತ್ರ ತಗೀತಾಳ, ಬ್ಯಾಡ ಅನ್ಲೇನು ಆಪಾ?" ಎಂದು ಶಹಾಪುರದ ಸಹೋದರಿಯೊಬ್ಬರು ಕೇಳಿದರು. ಜೀವಿಗಳ ಚಿತ್ರದ ವಿಷಯದಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದೆ. ಒಪ್ಪದವರಿದ್ದಾರೆ, ಕಲಿಕೆಯ ಅಗತ್ಯಕ್ಕೆ ಅನುಮತಿಸಿದವರೂ ಇದ್ದಾರೆ. ನಾನು ಎರಡನೆಯವರ ಮಾತನ್ನು ಒಪ್ಪಿದವಳು. ಗೋಡೆಯ ಅಲಂಕಾರ ಬೇರೆ, ಅಲ್ಲಾಹನ ಸೃಷ್ಟಿಯೊಂದನ್ನು ಅರಿಯಲೆಂದು ನೋಡಿ ಬರೆದದ್ದು ಬೇರೆ.

ಜಹಾಂಗೀರ್ ಬಾದಶಹರ ಆಸ್ಥಾನದ ಉಸ್ತಾದ್ ಮನ್ಸೂರ್ 17ನೇ ಶತಮಾನದ ಆರಂಭದಲ್ಲಿ ಸೈಬೀರಿಯನ್ ಕ್ರೇನ್ ಎಂಬ ಬಿಳಿ ಕೊಕ್ಕರೆಯನ್ನು ಚಿತ್ರಿಸಿದ್ದರು. ಯುರೋಪಿನ ವಿಜ್ಞಾನಿ ಪಲ್ಲಾಸ್ ಅದನ್ನು ವರ್ಣಿಸಿದ್ದು 1773ರಲ್ಲಿ! ಚಳಿಗಾಲಕ್ಕೆ ಭರತಪುರಕ್ಕೆ ಬರುತ್ತಿದ್ದ ಆ ಹಕ್ಕಿ 2002ರ ನಂತರ ಅಲ್ಲಿ ಕಾಣಲಿಲ್ಲ. ಚಿತ್ರ ಮಾತ್ರ ಉಳಿದಿದೆ.

ನಮಗೆ ಭರತಪುರ ದೂರ, ಬೋನಾಳ ಹತ್ತಿರ. ಸುರಪುರದ ನಾಯಕ ಅರಸರ ಕಾಲದ ಆ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯ ದಾಟುವ ಹಕ್ಕಿಗಳಿವು. 7000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

ಮಗಳು ಪುಸ್ತಕ ನೋಡಿ ನಕಲು ಮಾಡುವುದು ಬೇಡ, ದಂಡೆಗೇ ಹೋಗಲಿ. (ಅಬ್ಬಾನೋ ಅಣ್ಣನೋ ಜೊತೆಗೆ ಹೋದರೆ ಅವರಿಗೂ ಒಳ್ಳೆಯದೇ.) ಪುಸ್ತಕದ ಹೆಬ್ಬಾತಿಗೆ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುತ್ತವೆ. ಒಂದು ಕಣ್ಣಿನಿಂದ ಕಣ್ಣಿಗೆ ಸುತ್ತಿ ಬರುತ್ತದೆ, ಅದರ ಕೆಳಗಿನದು ಚಿಕ್ಕದು. ಆದರೆ ಆ ವರ್ಷ ಹುಟ್ಟಿದ ಮರಿಗೆ ಈ ಪಟ್ಟೆಗಳಿಲ್ಲ, ನೆತ್ತಿಯಿಂದ ಕತ್ತಿನ ಹಿಂಬದಿಯವರೆಗೆ ಕಂದು ಬಣ್ಣ. ಇಷ್ಟು ಗುರುತು ಹಿಡಿದರೆ ಗುಂಪಿನಲ್ಲಿ ಎಳೆಯವು ಎಷ್ಟು ಎಂದು ಎಣಿಸಬಹುದು. ಎಳೆಯವು ಕಡಿಮೆಯಾದರೆ ಅಲ್ಲೆಲ್ಲೋ ಮರಿಗಳು ಬದುಕಲಿಲ್ಲವೆಂಬ ಸುಳಿವು.

ಹಗಲಲ್ಲಿ ಅವು ನೀರಿನಂಚಿನಲ್ಲಿ ವಿಶ್ರಾಂತಿ ಪಡೆದು, ಸಂಜೆ ಹೊಲಗಳಿಗೆ ಮೇಯಲು ಹಾರುತ್ತವೆ. ಉಳಿದವು ಮೇಯುವಾಗ ಒಂದೆರಡು ಕತ್ತು ನೆಟ್ಟಗೆ ಮಾಡಿ ಕಾವಲು ನಿಲ್ಲುತ್ತವೆ. ಈ ಕತ್ತಿನ ಭಂಗಿಯನ್ನು ಪೆನ್ಸಿಲಿನಲ್ಲಿ ಬೇಗ ಹಿಡಿಯಬೇಕು, ರಬ್ಬರ್ ಹುಡುಕುತ್ತ ಕುಳಿತರೆ ಹಕ್ಕಿ ಹೋಗಿರುತ್ತದೆ. ಮೈ ಬೂದು, ಕೊಕ್ಕು ಕಿತ್ತಳೆ ಮಿಶ್ರಿತ ಹಳದಿ, ತುದಿ ಕಪ್ಪು ಎಂದು ಪಕ್ಕದಲ್ಲೇ ಬರೆದುಕೊಂಡರೆ ಸಾಕು, ಬಣ್ಣ ಮನೆಯಲ್ಲಿ ಹಚ್ಚಬಹುದು. ನೀಲಿಗೆ ಕಂದು ಬೆರೆಸಿದರೆ ಬೂದು ಸಿಗುತ್ತದೆ. ತಲೆಯ ಬಿಳಿಗೆ ಬಣ್ಣವೇ ಬೇಡ, ಕಾಗದವನ್ನು ಹಾಗೇ ಬಿಡಲಿ.

ಚಿತ್ರದ ಮೂಲೆಯಲ್ಲಿ ತಾರೀಖು, ಹೊತ್ತು, ಹಕ್ಕಿಗಳ ಸಂಖ್ಯೆ ಬರೆಸಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದಿದೆ. ಅಂಥದ್ದು ಬೋನಾಳದಲ್ಲಿ ಕಂಡರೆ ಪಟ್ಟಿಯ ಮೇಲಿನ ಅಕ್ಷರ, ಅಂಕಿಗಳನ್ನು ಮೊದಲು ಬರೆದುಕೊಂಡು, ಆಮೇಲೆ ಹಕ್ಕಿಯನ್ನು ಬರೆಯಲಿ.