ಹೆಚ್ಚುವರಿ ಮನುಷ್ಯ

ಈಚೆಗೆ ನಮ್ಮ ಕಿವಿಗೆ ಬೀಳುತ್ತಿರುವ ಮಾತುಗಳಲ್ಲಿ ನನಗೆ ಅತ್ಯಂತ ಅಪ್ರಿಯವಾದುದು ‘ಎಕ್ಸ್‌ಟ್ರಾ ಪರ್ಸನ್’ ಎಂಬುದು. ಕನ್ನಡದ ಮೇಷ್ಟರಿಗೆ ಇಂಗ್ಲಿಷಿನ ಮೇಲೆ ಸಿಟ್ಟು ಸಹಜವೆಂದು ವಾಚಕರು ನಗಬಾರದು. ಅದನ್ನು ‘ಹೆಚ್ಚುವರಿ ವ್ಯಕ್ತಿ’ ಎಂದು ಕನ್ನಡಕ್ಕೆ ತಿರುಗಿಸಿದರೂ ನನ್ನ ಸಿಟ್ಟು ಇಳಿಯದು. ಹಾಸಿಗೆ ಹೆಚ್ಚುವರಿಯಾಗಬಹುದು, ಹೊದಿಕೆ ಹೆಚ್ಚುವರಿಯಾಗಬಹುದು. ಮನುಷ್ಯ ಹೇಗೆ ಹೆಚ್ಚುವರಿಯಾದಾನು?

ಹೀಗೆ ಕೇಳುವುದಕ್ಕೆ ಕಾರಣವುಂಟು. ಕಳೆದ ಬೇಸಗೆಯ ರಜೆಯಲ್ಲಿ ರಾಮನಗರದ ಸಮೀಪದ ಒಂದು ರೆಸಾರ್ಟಿನಲ್ಲಿ ಒಂದು ಶುಕ್ರವಾರದ ರಾತ್ರಿಗೆ ‘ಫ್ಯಾಮಿಲಿ ರೂಮು’ ಗೊತ್ತು ಮಾಡಿದ್ದೆ. ನಾನು, ನನ್ನ ಮನೆಯಾಕೆ, ಇಬ್ಬರು ಮಕ್ಕಳು. ‘ಶೋಲೆ’ ಚಿತ್ರ ತೆಗೆದ ರಾಮದೇವರ ಬೆಟ್ಟ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಚನ್ನಪಟ್ಟಣದ ಬೊಂಬೆಯಂಗಡಿ—ಇಷ್ಟು ನಮ್ಮ ಕಾರ್ಯಕ್ರಮ. ದಾರಿಯಲ್ಲಿ ಮಾಗಡಿಗೆ ಹೋಗಿ ದೊಡ್ಡಮ್ಮನನ್ನು ಮಾತಾಡಿಸಿದೆವು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಈಗ ಎಪ್ಪತ್ತೆಂಟು ವರ್ಷ. ‘ಅಜ್ಜೀನೂ ಬರಲಿ’ ಎಂದು ಮಗಳು ಹಟ ಹಿಡಿದಳು. ದೊಡ್ಡಮ್ಮ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

ನಾವು ತಲಪಿದಾಗ ಕತ್ತಲಾಗಿತ್ತು. ಮೇಜಿನ ಹಿಂದಿದ್ದ ಯುವಕ ನಮ್ಮ ತಲೆ ಎಣಿಸಿ, ‘ಒಬ್ಬರು ಎಕ್ಸ್‌ಟ್ರಾ ಇದಾರೆ ಸಾರ್. 1,800 ಆಗುತ್ತೆ, ಮೇಲೆ ತೆರಿಗೆ’ ಎಂದ. ಮಂಚ ಕೊಡುತ್ತೀರಾ ಎಂದೆ. ನೆಲದ ಮೇಲೆ ಹಾಸಿಗೆಯಂತೆ. ನಾಳೆ ಶನಿವಾರ, ಆಕೆಗೆ ಒಪ್ಪತ್ತು, ಬೆಳಗಿನ ತಿಂಡಿ ಬೇಡವೆಂದೆ. ತಿಂಡಿ ತಿಂದರೂ ಬಿಟ್ಟರೂ ದರ ಒಂದೇ ಅಂತೆ. ನನಗೆ ಬಂದಿದ್ದ ಬುಕಿಂಗಿನ ಚೀಟಿಯಲ್ಲಿ ಈ ದರದ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ನನ್ನ ತೋಳು ಹಿಡಿದು, ‘ನಾನೊಬ್ಳು ಜಾಸ್ತಿಯಾದ್ನೇನಪ್ಪಾ? ಬಸ್‌ಸ್ಟ್ಯಾಂಡಿಗೆ ಬಿಟ್ಬುಡು ಮಗ, ಊರಿಗೆ ಹೋಯ್ತೀನಿ’ ಎಂದಳು.

ಹಣ ಕೊಟ್ಟೆ. ಮಂಚದ ಮೇಲೆ ಆಕೆಯನ್ನು ಮಲಗಿಸಿ ನೆಲದ ಹಾಸಿಗೆಯಲ್ಲಿ ನಾನು ಮಲಗಿದೆ. ರಶೀದಿಯಲ್ಲಿ ಮಾತ್ರ ಹೆಚ್ಚಿನವಳು ಆಕೆಯೇ.

‘ಹೋಟೆಲೇನು ಧರ್ಮಛತ್ರವೇ?’ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಬೆಂಗಳೂರಿನ ರೈಲ್ವೆ ನಿಲ್ದಾಣದ ಮುಂದೆ 1903ರಲ್ಲಿ ಗುಬ್ಬಿ ತೋಟದಪ್ಪನವರು ತೆರೆದಂಥ ಛತ್ರವನ್ನು ಪ್ರತಿಯೊಬ್ಬ ವ್ಯಾಪಾರಿಯೂ ಕಟ್ಟಿಸಲೆಂದು ನಾನು ಕೇಳುತ್ತಿಲ್ಲ. ಐದನೆಯವರು ಬಂದರೆ ನೀರು, ಬಟ್ಟೆ, ಅನ್ನ ಹೆಚ್ಚು ಬೇಕು. ರಾತ್ರಿ ಬೆಂಕಿ ಬಿದ್ದರೆ ಒಳಗೆ ಎಷ್ಟು ಜನರಿದ್ದಾರೆಂಬುದು ಯಜಮಾನನಿಗೆ ಗೊತ್ತಿರಬೇಕು. ಹೆಸರು, ಗುರುತಿನ ಚೀಟಿ ಕೇಳುವುದೂ ನ್ಯಾಯವೇ. ಹಣ ಕೇಳಿದ್ದಕ್ಕೆ ನನ್ನ ಆಕ್ಷೇಪವಿಲ್ಲ.

ನನ್ನ ಆಕ್ಷೇಪ, ದರವನ್ನು ಯಾವಾಗ ಹೇಳಿದರು ಎಂಬುದಕ್ಕೆ. 1872ರ ಕರಾರು ಕಾಯಿದೆಯ ಪ್ರಕಾರ ಎರಡೂ ಕಡೆಯವರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಐದನೆಯವರ ವಿಷಯ ಹೊಸ ಕರಾರೇ ಇರಬಹುದು, ಒಪ್ಪೋಣ. ಆದರೆ ಕತ್ತಲಲ್ಲಿ ಮುದುಕಿಯೊಬ್ಬಳನ್ನು ನಿಲ್ಲಿಸಿಕೊಂಡು ಮಾಡುವ ಕರಾರಿನಲ್ಲಿ ಒಪ್ಪಿಗೆಯೆಷ್ಟು, ನಿರುಪಾಯವೆಷ್ಟು? ಬಿಲ್ಲಿಗೆ ತಾನಾಗಿ ಸೇವಾಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಗಿರಾಕಿ ತಿಳಿದು ಒಪ್ಪದ ಹಣ ಬಿಲ್ಲಿಗೆ ಸೇರಬಾರದೆಂಬ ಆ ನ್ಯಾಯ ಕೋಣೆಯ ಬಾಡಿಗೆಗೂ ಸಲ್ಲಬೇಕು. 2019ರ ಗ್ರಾಹಕ ರಕ್ಷಣಾ ಕಾಯಿದೆ ನ್ಯಾಯವಲ್ಲದ ಕರಾರಿನ ಮಾತನ್ನೂ ಆಡುತ್ತದೆ. ದೂರಿಗೆ 1915 ಎಂಬ ದೂರವಾಣಿಯಿದೆ. ನಾವು ರಜೆ ಕೆಡುವುದೆಂದು ಅದನ್ನು ಮುಟ್ಟುವುದಿಲ್ಲ.

ಇನ್ನೊಂದು ಆಕ್ಷೇಪ ‘ಫ್ಯಾಮಿಲಿ’ ಎಂಬ ಮಾತಿಗೆ. ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು: ಇದು ಯಾರ ಸಂಸಾರ? ಮಾಗಡಿ, ಕನಕಪುರದ ಯಾವ ಮನೆಯಲ್ಲಾದರೂ ಅಜ್ಜಿಯನ್ನು ಬಿಟ್ಟು ಸಂಸಾರವನ್ನು ಎಣಿಸಿದ್ದುಂಟೆ? ತಿಥಿ ಗೊತ್ತು ಮಾಡದೆ ಬಂದವನೇ ಅತಿಥಿ ಎಂದು ಹಿರಿಯರು ಪದವನ್ನು ಬಿಡಿಸುತ್ತಿದ್ದರು. 2025ರಲ್ಲಿ ರಾಮನಗರ ಜಿಲ್ಲೆ ‘ಬೆಂಗಳೂರು ದಕ್ಷಿಣ’ವಾಯಿತು. ಹೆಸರಿನ ಜೊತೆಗೆ ಬೆಂಗಳೂರಿನ ತಲೆಲೆಕ್ಕವೂ ಬಂದಿತೆಂದು ತೋರುತ್ತದೆ.

ಇಷ್ಟು ಹೇಳಿ ನಮ್ಮ ತಪ್ಪನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಹೊಸ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ಶನಿವಾರ, ಭಾನುವಾರ ಈ ಕಡೆಗೆ ಕಾರಿನಲ್ಲಿ ಬರುವ ನಾವು ಸಾಮಾನ್ಯರಲ್ಲ. ಇಬ್ಬರಿಗೆ ಕೋಣೆ ಹಿಡಿದು ಐವರು ನುಗ್ಗುತ್ತೇವೆ. ಹದಿಮೂರರ ಹುಡುಗ ಹೋಟೆಲಿನ ಮೇಜಿನ ಮುಂದೆ ಒಂಬತ್ತರವನಾಗುತ್ತಾನೆ. ತಂದೆಯ ಸುಳ್ಳನ್ನು ಅವನು ಪಕ್ಕದಲ್ಲೇ ನಿಂತು ಕಲಿಯುತ್ತಾನೆ. ಆ ರಾತ್ರಿ ನನ್ನ ತಲೆಯಲ್ಲೂ ಒಂದು ಯೋಚನೆ ಸುಳಿಯಿತು: ದೊಡ್ಡಮ್ಮನನ್ನು ಕಾರಿನಲ್ಲೇ ಕೂರಿಸಿ, ಆಮೇಲೆ ಪಕ್ಕದ ಬಾಗಿಲಿನಿಂದ ಕರೆತಂದಿದ್ದರೆ? 1,800 ರೂಪಾಯಿ ಉಳಿಯುತ್ತಿತ್ತು. ಅವರು ಆಕೆಯನ್ನು ಹೆಚ್ಚುವರಿ ಮಾಡಿದರು. ನಾನು ಕಳ್ಳಿಯನ್ನೇ ಮಾಡುತ್ತಿದ್ದೆ. ಇಂಥ ಗಿರಾಕಿಗಳನ್ನು ನೋಡಿ ನೋಡಿಯೇ ಆ ಯುವಕ ಬಂದವರ ಮುಖ ಬಿಟ್ಟು ತಲೆ ಎಣಿಸುವುದನ್ನು ಕಲಿತಿರಬೇಕು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಹೋಟೆಲಿನವರು ಕೋಣೆಯ ದರದ ಪಕ್ಕದಲ್ಲೇ, ಇನ್ನೊಬ್ಬರು ಬಂದರೆ ಎಷ್ಟು, ಅದಕ್ಕೆ ಏನು ಕೊಡುತ್ತೇವೆ ಎಂಬುದನ್ನು ಕನ್ನಡದಲ್ಲಿ ಬರೆಯಲಿ. ತಿನ್ನದ ತಿಂಡಿಗೆ ಹಣ ಕೀಳದಿರಲಿ. ನಾವು ಬರುವವರ ಸಂಖ್ಯೆಯನ್ನೂ ಮಕ್ಕಳ ವಯಸ್ಸನ್ನೂ ನಿಜ ಹೇಳೋಣ. ಕಡೆಗಳಿಗೆಯಲ್ಲಿ ಒಬ್ಬರು ಸೇರಿದರೆ ದಾರಿಯಿಂದಲೇ ಫೋನು ಮಾಡಿ ತಿಳಿಸೋಣ. ಮತ್ತು ಆ ಹಾಳು ಮಾತನ್ನು ರಶೀದಿಯಿಂದ ತೆಗೆದುಹಾಕಲಿ. ‘ಜೊತೆಗೆ ಬಂದವರು’ ಎಂದು ಬರೆದರೆ ಹೋಟೆಲಿಗೆ ಒಂದು ಕಾಸೂ ನಷ್ಟವಿಲ್ಲ. ದೊಡ್ಡಮ್ಮನನ್ನು ಈ ದಸರೆಗೆ ಮತ್ತೆ ಕರೆದೆ. ‘ಎಷ್ಟು ಜನಕ್ಕೆ ಹೇಳಿದೀಯೋ ಮೊದ್ಲು ಕೇಳ್ಕೊ ಮಗ’ ಎಂದಳು.