ಕುಣಿತ ಉಳಿಯಬೇಕಾದರೆ ಕಾಡೂ ಉಳಿಯಬೇಕು

ಆಗಸ್ಟ್ 9 ವಿಶ್ವ ಆದಿವಾಸಿ ದಿನ. 2024ರಲ್ಲಿ ಅಂದು ವಿಜಯವಾಡದ ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಆದಿವಾಸಿ ಕಲಾವಿದೆಯರ ಜೊತೆ ಧಿಂಸಾ ಕುಣಿತದ ಹೆಜ್ಜೆ ಹಾಕಿದರು. ಇಂಥ ಸಂಭ್ರಮ ಬೇಕು. ಅದರ ಜೊತೆಗೇ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಹಾಡು, ಕುಣಿತ, ಕಥೆಗಳನ್ನು ವೇದಿಕೆಗೂ ವಸ್ತುಸಂಗ್ರಹಾಲಯಕ್ಕೂ ತಂದ ಮಾತ್ರಕ್ಕೆ ಅವು ಉಳಿದಂತಾಯಿತೇ?

ಅದೇ ವಿಜಯವಾಡದ ಬಾಪು ಮ್ಯೂಸಿಯಂ 1887ರಷ್ಟು ಹಳೆಯ ಕಟ್ಟಡದಲ್ಲಿದೆ. ಅಲ್ಲಿನ ಕಲ್ಲಿನ ಬುದ್ಧಮೂರ್ತಿಗೆ ಸೋರದ ಸೂರು, ಕಾವಲು, ಒಂದಿಷ್ಟು ಆರೈಕೆ ಇದ್ದರೆ ಸಾಕು, ಶತಮಾನಗಳು ಕಳೆದರೂ ಅದು ಹಾಗೇ ಇರುತ್ತದೆ. ಕುಣಿತದ ವಿಷಯ ಬೇರೆ. ಅದಕ್ಕೆ ಕುಣಿಯುವ ಜನ ಬೇಕು, ಕುಣಿಯಲು ಕಾರಣವೂ ಬೇಕು.

ಇದನ್ನು ತಿಳಿಯಲು ವಿಶಾಖಪಟ್ಟಣದಿಂದ ಸುಮಾರು 115 ಕಿ.ಮೀ. ದೂರದ ಅರಕು ಕಣಿವೆಗೆ ಹೋಗಬೇಕು. ಅಲ್ಲಿ 1996ರಲ್ಲಿ ಆರಂಭವಾದ ಬುಡಕಟ್ಟು ವಸ್ತುಸಂಗ್ರಹಾಲಯದಲ್ಲಿ ಪೂರ್ವ ಘಟ್ಟದ ಆದಿವಾಸಿಗಳ ಬೇಟೆ, ಮದುವೆ, ಅಡುಗೆ, ಒಡವೆಗಳನ್ನು ಆಳೆತ್ತರದ ಗೊಂಬೆಗಳಲ್ಲಿ ತೋರಿಸಿದ್ದಾರೆ. ಅರಕುವಿಗೆ ಬರುವ ಪ್ರವಾಸಿಗರಿಗೆ ಧಿಂಸಾ ಕುಣಿತವೂ ನೋಡಸಿಗುತ್ತದೆ. ಪೋರ್ಜ, ಭಗತ, ಖೋಂಡ್, ಕೋಟಿಯ, ವಾಲ್ಮೀಕಿ ಮೊದಲಾದ ಸಮುದಾಯಗಳದ್ದು ಈ ಕುಣಿತ.

ಹೆಂಗಸರು ಅಕ್ಕಪಕ್ಕದವರ ಬೆನ್ನ ಹಿಂದಿನಿಂದ ಕೈಗೆ ಕೈ ಹೆಣೆದು ಒಂದೇ ಸಾಲಾಗುತ್ತಾರೆ. ಗಂಡಸರು ಡಪ್ಪು, ತುಡುಮು ಬಾರಿಸುತ್ತಾರೆ, ಮೋರಿ ಊದುತ್ತಾರೆ. ಸಾಲು ಹಾವಿನಂತೆ ಸುರುಳಿ ಸುತ್ತಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ನೋಡಿದವರಿಗೆ ಎಲ್ಲವೂ ಒಂದೇ ಕುಣಿತವೆನಿಸುತ್ತದೆ. ಆದರೆ ಇದರಲ್ಲಿ ಹಲವು ಬಗೆಗಳಿವೆ, ಒಂದೊಂದಕ್ಕೂ ತನ್ನದೇ ಕಥೆಯಿದೆ. ಬೋಡ ಧಿಂಸಾ ದೇವತೆಗೆ ಸಲ್ಲುವ ಪೂಜೆ. ಪೋತರ್ ತೋಲ ಕಾಡಿನಲ್ಲಿ ಎಲೆ ಕೊಯ್ಯುವುದನ್ನು ಅಭಿನಯಿಸುತ್ತದೆ. ಬಾಗ್ ಧಿಂಸಾ ಹುಲಿ ಎರಗಿದಾಗ ಪಾರಾಗುವ ಬಗೆಯನ್ನು ಹೇಳುತ್ತದೆ.

ಅಂದರೆ ಧಿಂಸಾ ಎಂಬುದು ದುಡಿಮೆ, ಭಯ, ಭಕ್ತಿಗಳ ನೆನಪನ್ನು ಮೈಯಲ್ಲೇ ಕಾದಿಡುವ ವಿದ್ಯೆ. ಅದಕ್ಕೆ ಕಾಲವೂ ಗೊತ್ತಾಗಿದೆ. ಚೈತ್ರದ ಬೇಟೆ ಹಬ್ಬದಲ್ಲಿ, ಮದುವೆಗಳಲ್ಲಿ ಊರೂರಿನ ಜನ ಕೂಡಿ ಕುಣಿಯುತ್ತಾರೆ. ಹೀಗೆ ಕೂಡಿ ಕುಣಿಯುವುದರಿಂದ ಊರುಗಳ ನಡುವಿನ ನಂಟೂ ಗಟ್ಟಿಯಾಗುತ್ತದೆ.

ಅದೇ ಕುಣಿತ ಪ್ರವಾಸಿಗರ ಮುಂದೆ ಬಂದಾಗ ಹೊತ್ತು ಮೊಟಕಾಗುತ್ತದೆ, ಹಬ್ಬದ ಸಂದರ್ಭ ಕಳಚಿ ಬೀಳುತ್ತದೆ, ಕಥೆ ಹೇಳುವವರೇ ಇರುವುದಿಲ್ಲ. ಹಾಗೆಂದು ಪ್ರದರ್ಶನವೇ ತಪ್ಪು ಎನ್ನುವುದು ಸರಿಯಲ್ಲ. ಕಲಾವಿದರಿಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ, ಊರಿನ ಹುಡುಗಿಯರಿಗೆ ಕಲಿಯಲು ಹುರುಪು ಬರುತ್ತದೆ. ಏನು ತೋರಿಸಬೇಕು, ಎಷ್ಟು ತೋರಿಸಬೇಕು, ಕೂಲಿ ಎಷ್ಟು ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎನ್ನುವುದೇ ಮುಖ್ಯ. 2022ರಲ್ಲಿ ಪ್ರಾಗ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ಒಪ್ಪಿದ ವಸ್ತುಸಂಗ್ರಹಾಲಯದ ಹೊಸ ವ್ಯಾಖ್ಯೆಯಲ್ಲಿ ಸಮುದಾಯಗಳ ಭಾಗವಹಿಸುವಿಕೆಯ ಮಾತು ಸೇರಿದ್ದು ಇದೇ ಕಾರಣಕ್ಕೆ ಮಹತ್ವದ್ದು.

ಇದಕ್ಕಿಂತ ಆಳದ ಪ್ರಶ್ನೆ ನೆಲದ್ದು. ಕಾಡಿಗೆ ಹೋಗುವುದೇ ನಿಂತರೆ ಎಲೆ ಕೊಯ್ಯುವ ಕುಣಿತ ಬರೀ ಅಂಗಚಲನೆಯಾಗುತ್ತದೆ. ಅರಕುವಿಗೆ ಹತ್ತಿರದ ಬೊರ್ರಾ ಗುಹೆಗಳ ಸುತ್ತಲ ಆದಿವಾಸಿ ಜಮೀನಿನಲ್ಲಿ ಖಾಸಗಿಯವರಿಗೆ ಗಣಿ ಗುತ್ತಿಗೆ ಕೊಟ್ಟದ್ದನ್ನು ‘ಸಮತಾ’ ಸಂಸ್ಥೆ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಪರಿಶಿಷ್ಟ ಪ್ರದೇಶದ ನೆಲವನ್ನು ಆದಿವಾಸಿಗಳಲ್ಲದವರಿಗೆ ಗುತ್ತಿಗೆ ಕೊಡುವ ಅಧಿಕಾರ ಸರ್ಕಾರಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪಿತ್ತಿತು. ಕಾನೂನಿನ ಪುಸ್ತಕದಲ್ಲಿ ಅದು ಜಮೀನಿನ ಮೊಕದ್ದಮೆ. ನನ್ನ ದೃಷ್ಟಿಯಲ್ಲಿ ಅದು ಧಿಂಸಾವನ್ನು ಕಾಯ್ದ ತೀರ್ಪೂ ಹೌದು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಚಾರದಲ್ಲೂ ಇದೇ ಮಾತು ನಿಜ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ದಕ್ಕಿತು. ಜೇನು, ನೆಲ್ಲಿಕಾಯಿಗಾಗಿ ಕಾಡು ಸುತ್ತುವ ಹಕ್ಕು ಉಳಿದರೆ ಮಾತ್ರ ಅವರ ಗೊರುಕನ ಹಾಡಿಗೆ ಬೇರು ಉಳಿಯುತ್ತದೆ.

ಆದ್ದರಿಂದ ವಸ್ತುಸಂಗ್ರಹಾಲಯಗಳು ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಕುಣಿತಕ್ಕೆ ಮುನ್ನ ಅದರ ಕಥೆಯನ್ನು ಆ ಸಮುದಾಯದವರ ಬಾಯಲ್ಲೇ ಹೇಳಿಸಬೇಕು, ಮೊದಲು ಅವರ ನುಡಿಯಲ್ಲಿ, ಆಮೇಲೆ ಅನುವಾದದಲ್ಲಿ. ಕೂಲಿಯನ್ನು ತಂಡದೊಡನೆ ಕೂತು ನಿಗದಿ ಮಾಡಬೇಕು. ಧ್ವನಿಮುದ್ರಣದ ಪ್ರತಿ ಊರಿನ ಶಾಲೆಗೆ ಸೇರಬೇಕು. ಆಡಳಿತ ಮಂಡಳಿಯಲ್ಲಿ ಆದಿವಾಸಿಗಳಿಗೆ ಬರೀ ಕುರ್ಚಿಯಲ್ಲ, ಬೇಡವೆನ್ನುವ ಅಧಿಕಾರವೂ ಇರಬೇಕು. ನೋಡುಗರಾದ ನಮ್ಮ ಹೊಣೆಯೂ ಚಪ್ಪಾಳೆಗೆ ಮುಗಿಯುವುದಿಲ್ಲ. ಅವರ ಕುಣಿತವನ್ನು ಮೆಚ್ಚಿದವರು ಅವರ ನೆಲದ ಹಕ್ಕಿನ ಪ್ರಶ್ನೆ ಬಂದಾಗಲೂ ಅವರ ಜೊತೆ ನಿಲ್ಲಬೇಕು.